ಕೊಂಡವನ ಸಾಕ್ಷ್ಯ

ವಾಚಕಮಹಾಶಯರು ಮೊದಲೇ ಕ್ಷಮಿಸಬೇಕು. ಇದುವರೆಗೆ ಈ ಪತ್ರಿಕೆಯಲ್ಲಿ ಶಾಸ್ತ್ರವಿಚಾರವನ್ನೋ ಶಾಸನವಿಚಾರವನ್ನೋ ಎತ್ತಿಕೊಂಡು ಬರೆಯುತ್ತಿದ್ದವನು ಈ ಸಲ ಕಿವಿಗೆ ತೊಟ್ಟುಕೊಳ್ಳುವ ಹೆಡ್‌ಫೋನೆಂಬ ಯಂತ್ರವನ್ನು ಎತ್ತಿಕೊಂಡಿರುವುದು ಹಲವರಿಗೆ ನಗೆಯನ್ನು ತರಬಹುದು. ನಗಲಿ. ಆ ಯಂತ್ರದ ನೆವದಿಂದ ನನ್ನ ಮನಸ್ಸಿನಲ್ಲಿ ಎದ್ದ ಪ್ರಶ್ನೆಯೊಂದು ಮಾತ್ರ ನಗೆಯಿಂದ ತೀರುವಂತಹದಲ್ಲ. ಹೆಚ್ಚು ಬೆಲೆ ತೆತ್ತು ತಂದ ವಸ್ತುವು ನೆನೆದಂತೆ ಇಲ್ಲದೆ ಹೋದಾಗ, ಆ ಆಶಾಭಂಗವನ್ನು ಮನುಷ್ಯನು ಏನು ಮಾಡತಕ್ಕದ್ದು? ನುಂಗಿಕೊಳ್ಳುವುದೋ, ಹೊರಗೆಡಹುವುದೋ? ಹೊರಗೆಡಹುವುದಾದರೆ ಯಾರ ಮುಂದೆ, ಯಾವಾಗ? ಇದನ್ನು ನಾನು ಗ್ರಂಥದಿಂದ ತೆಗೆದುಕೊಂಡು ವಿಚಾರಿಸುತ್ತಿಲ್ಲ. 26,000 ರೂಪಾಯಿ ತೆತ್ತು ವಿಚಾರಿಸುತ್ತಿದ್ದೇನೆ.

ಸಂಗತಿ ಹೀಗೆ. ನನ್ನ ಹುಟ್ಟೂರು ಮಸ್ಕಿಯ ಬಳಿಯ ಒಂದು ಹಳ್ಳಿ. ಗುಲ್ಬರ್ಗದ ಆಕಾಶವಾಣಿ ನಿಲಯವು 1966ರಲ್ಲಿ ಆರಂಭವಾದಾಗ ನಾನು ಇನ್ನೂ ಅಕ್ಷರಾಭ್ಯಾಸದ ಹುಡುಗ. ಊರಿಗೆಲ್ಲ ಒಂದೇ ರೇಡಿಯೋ. ಅದು ಪಂಚಾಯತಿಯ ಕಟ್ಟೆಯ ಮೇಲಿದ್ದಿತು. ಬೇವಿನ ಮರದ ಕೆಳಗೆ ದಿನದ ಕೆಲಸ ತೀರಿಸಿ ಬಂದ ಜನರು ಮೈಚೆಲ್ಲಿ ಕುಳಿತು ಕೇಳುವರು. ನಮ್ಮ ಜಿಲ್ಲೆಯ ಜಂಬಲದಿನ್ನಿಯವರಾದ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವನ್ನು ನಾನು ಮೊದಲು ಕೇಳಿದುದು ಅಲ್ಲಿಯೇ. ಶಾಸ್ತ್ರೀಯ ಸಂಗೀತವನ್ನು ಕಲಿತು ಆ ಕಲಿಕೆಯನ್ನು ವಚನಗಳಿಗೆ ಧಾರೆಯೆರೆದ ಆ ಕಂಠವು 1988ರಲ್ಲಿ ನಿಂತುಹೋಯಿತು. ಅಷ್ಟರೊಳಗೆ ನಾನು ಪಾಠಶಾಲೆಯ ಓದನ್ನು ಮುಗಿಸಿ, ಲಿಂಗಸುಗೂರಿನಲ್ಲಿ ಮಾಸ್ತರಿಕೆಗೆ ಸೇರಿ, ಮೊದಲ ಸಂಬಳಗಳನ್ನು ಕೂಡಿಸಿ ಒಂದು ಟೇಪ್‌ರೆಕಾರ್ಡರನ್ನು ಕೊಂಡಿದ್ದೆನು. ಅದನ್ನು ರೇಡಿಯೋದ ಬಾಯಿಗೆ ಹಿಡಿದು ತುಂಬಿಕೊಂಡ ಹದಿನೇಳು ಕ್ಯಾಸೆಟ್ಟುಗಳು ಇಂದಿಗೂ ನನ್ನ ಬಳಿ ಇವೆ. ಈಗ ಸಿಂಧನೂರಿನಲ್ಲಿ ವಿಶ್ರಾಂತನಾಗಿದ್ದೇನೆ. ಮೊಮ್ಮಗನು ದಸರೆಯ ರಜೆಯಲ್ಲಿ ಬಂದು ಆ ಕ್ಯಾಸೆಟ್ಟುಗಳನ್ನೆಲ್ಲ ಮೊಬೈಲಿನೊಳಕ್ಕೆ ಇಳಿಸಿಕೊಟ್ಟನು. ಕೇಳಲು ಕುಳಿತರೆ ಹಾಡಿನ ನುಡಿಗಳು ಮಸುಕು ಮಸುಕು. "ತಾತ, ಮೊಬೈಲಿನ ಸ್ಪೀಕರಿನಾಗ ಏನ್ ಕೇಳಸ್ತದ? ಛಲೋ ಹೆಡ್‌ಫೋನ್ ತಗೋ" ಎಂದನು.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಎರಡು ತಿಂಗಳು ಬಲ್ಲವರ ವಿಮರ್ಶೆಗಳನ್ನು ಓದಿದೆನು. ತರ್ಕಸಂಗ್ರಹವನ್ನು ಕೂಡ ನಾನು ಅಷ್ಟು ಶ್ರದ್ಧೆಯಿಂದ ಓದಿರಲಿಕ್ಕಿಲ್ಲ. 'ಗಾಯಕನು ಎದುರಿಗೆ ಬಂದು ಕುಳಿತಂತೆ' ಎಂದು ಒಬ್ಬರು, 'ಉಸಿರಿನ ಎಳೆಯೂ ಕಿವಿಗೆ ಬೀಳುವುದು' ಎಂದು ಇನ್ನೊಬ್ಬರು. 2023ರಲ್ಲಿ ಪಿಂಚಣಿಯ ತುಟ್ಟಿಭತ್ಯೆಯ ಬಾಕಿಯು ಕೈಸೇರಿದ ವಾರವೇ ತರಿಸಿಬಿಟ್ಟೆನು. ಕಂಪನಿಯ ಹೆಸರು ಇಲ್ಲಿ ಬೇಡ. ಮುಂದೆ ಹೇಳುವಂತೆ, ಅವರ ತಪ್ಪು ಇದರಲ್ಲಿ ಹೆಚ್ಚೇನೂ ಇಲ್ಲ. ಮನೆಯವಳಿಗೆ ಬೆಲೆ 6,000 ಎಂದು ಹೇಳಿದೆನು. ಅದೇ ಮೊದಲನೆಯ ಸುಳ್ಳು. ನೆರೆಮನೆಯ ತಾಯಿ ಅದನ್ನು ನನ್ನ ತಲೆಯ ಮೇಲೆ ಕಂಡು "ಪಂಡಿತರು ಕಿವಿ ಮಿಷನ್ ತಂದಾರಂತ" ಎಂದು ಓಣಿಗೆಲ್ಲ ಹೇಳಿದಳು. ಆಗ ನನಗೆ ಸಿಟ್ಟು ಬಂದಿತ್ತು. ಅವಳ ಬಾಯಿಂದ ಬಂದುದು ಭವಿಷ್ಯವಾಣಿಯೆಂದು ತಿಳಿದುದು ಆಮೇಲೆ.

ಮೊದಲ ಮೂರು ದಿನ ನಾನು ಪರಮಸುಖಿಯಾಗಿದ್ದೆನು. ಇದನ್ನು ವಾಚಕರು ಗಮನದಲ್ಲಿಡಬೇಕು, ಏಕೆಂದರೆ ವಾದವು ಇದರ ಮೇಲೆ ನಿಂತಿದೆ. ತಂಬೂರಿಯ ನಾದವು ತುಂಬಿಕೊಂಡು ಬಂದಂತೆ ತೋರಿತು, ಕಣ್ಣಲ್ಲಿ ನೀರಾಡಿತು. ನಾಲ್ಕನೆಯ ರಾತ್ರಿ, ಊರು ಮಲಗಿದ ಮೇಲೆ, ಬೆಲೆಯನ್ನು ಮರೆತು ಕೇವಲ ಹಾಡನ್ನು ಕೇಳಲು ಕುಳಿತಾಗ ಬೇರೊಂದು ಕೇಳಿಸಿತು. ಸುಯ್ಯೆಂಬ ಒಂದೇ ಎಳೆಯ ಸದ್ದು. ಮಳೆ ದೂರದಲ್ಲಿ ಸುರಿಯುತ್ತಿದ್ದಂತೆ. ಅದು ಕ್ಯಾಸೆಟ್ಟಿನ ಪಟ್ಟಿಯ ಸದ್ದು. ಮೊದಲು ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಅದು ಅಡಗಿದ್ದಿತು. 26,000 ರೂಪಾಯಿಯ ಯಂತ್ರವು ಅದನ್ನೇ ಮುಂದಕ್ಕೆ ಕರೆತಂದು ಕೂರಿಸಿದ್ದಿತು. ಹಾಡಿನ ನುಡಿಗಳೋ, ಮೊದಲಿನಂತೆಯೇ ಮಸುಕು.

ಹತ್ತು ದಿನಗಳೊಳಗಾಗಿ ಹಿಂದಿರುಗಿಸಬಹುದೆಂದು ಮಾರಿದವರೇ ಬರೆದಿದ್ದರು. ನಾನು ಹಿಂದಿರುಗಿಸಲಿಲ್ಲ. ಮೊಮ್ಮಗನಿಗೆ ಏನು ಹೇಳುವುದು? 'ಒಗ್ಗಿಕೊಳ್ಳಲು ಕಿವಿಗೆ ಕಾಲ ಬೇಕು' ಎಂದು ಎಲ್ಲಿಯೋ ಓದಿದುದನ್ನು ಹಿಡಿದುಕೊಂಡು ಹನ್ನೊಂದನೆಯ ದಿನವನ್ನು ದಾಟಿಸಿಬಿಟ್ಟೆನು. ದಾಟಿದಾಗ ಒಂದು ಬಗೆಯ ನೆಮ್ಮದಿಯೂ ಆಯಿತೆಂದರೆ ಮನುಷ್ಯನ ಮನಸ್ಸು ಎಂತಹದೆಂದು ವಾಚಕರೇ ಊಹಿಸಿಕೊಳ್ಳಲಿ.

ಇಷ್ಟರವರೆಗೆ ನಷ್ಟವು ನನ್ನೊಬ್ಬನದು. ಲಿಂಗಸುಗೂರಿನಲ್ಲಿ ನನ್ನೊಡನೆ ಹನ್ನೊಂದು ವರ್ಷ ಗಣಿತವನ್ನು ಕಲಿಸಿದ ಮಿತ್ರರೊಬ್ಬರಿರುವರು. ಮಿತವ್ಯಯಿಗಳು, ಮಿತಭಾಷಿಗಳು, ಸಂಗೀತದಲ್ಲಿ ಮಾತ್ರ ನನ್ನಂತೆ ಅತಿಯಾಸೆಯವರು. ಅವರು ಫೋನಿನಲ್ಲಿ ಕೇಳಿದರು: "ಹೆಂಗೈತ್ರಿ ಪಂಡಿತರ, ಹೊಸಾದು?" ನಾನು ಹೇಳಿದ ಮಾತು ಅಕ್ಷರಶಃ ನೆನಪಿದೆ: "ಏನ್ ಹೇಳ್ಲಿ ಮಾಸ್ತರ! ಹಿಂದ ಕೇಳದೆ ಇದ್ದದ್ದೆಲ್ಲ ಈಗ ಕೇಳಸ್ತದ." ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಹಿಂದೆ ಕೇಳದಿದ್ದ ಸುಯ್ಲು ಈಗ ಕೇಳಿಸುತ್ತಿದ್ದಿತಷ್ಟೆ! ಧರ್ಮರಾಯನು ದ್ರೋಣರೊಡನೆ ಆಡಿದ ಮಾತಿನಲ್ಲಿಯೂ ಅಕ್ಷರಕ್ಕೆ ಸುಳ್ಳಿರಲಿಲ್ಲ. ಆದರೂ ನೆಲಕ್ಕೆ ನಾಲ್ಕು ಬೆರಳು ಮೇಲೆ ನಡೆಯುತ್ತಿದ್ದ ಅವನ ರಥವು ಅಂದು ನೆಲಕ್ಕಿಳಿಯಿತು. ನನಗೆ ಇಳಿಯುವುದಕ್ಕೆ ರಥವಿರಲಿಲ್ಲ.

ಹದಿನೈದು ದಿನಗಳಲ್ಲಿ ಅವರೂ ಅದನ್ನೇ ತರಿಸಿದರು. ಹಲ್ಲುಸೆಟ್ಟು ಕಟ್ಟಿಸಿಕೊಳ್ಳುವುದಕ್ಕೆಂದು ವರ್ಷದಿಂದ ಕೂಡಿಟ್ಟಿದ್ದ ಹಣವು ಅದಕ್ಕೆ ಹೋಯಿತೆಂದು ಅವರ ಮಗಳಿಂದ ತಿಳಿಯಿತು. ನಾನು ಕೇಳಿದೆನು: "ಹೆಂಗೈತ್ರಿ ಮಾಸ್ತರ?" ಅವರು, "ನೀವು ಹೇಳಿದ ಮ್ಯಾಲ ಮಾತೈತೇನ್ರಿ? ಭಾಳ ಛಲೋ ಐತಿ" ಎಂದರು. ಅಲ್ಲಿಂದ ಆರು ತಿಂಗಳು ನಾವಿಬ್ಬರೂ ಒಬ್ಬರಿಗೊಬ್ಬರು ಅದನ್ನು ಹೊಗಳಿಕೊಂಡೆವು. ಇನ್ನೂ ಇಬ್ಬರು ನಮ್ಮ ಹೊಗಳಿಕೆಯನ್ನು ಕೇಳಿ ಬೆಲೆಯನ್ನು ವಿಚಾರಿಸಿದರು. ಅವರು ಕೊಳ್ಳಲಿಲ್ಲವೆಂಬುದು ಅವರ ಪುಣ್ಯ.

ಈಗ ವಿಚಾರಕ್ಕೆ ಬರುವೆನು. ಮೊದಲ ಮೂರು ದಿನದ ನನ್ನ ಸುಖವು ಸುಳ್ಳೇ? ಅಲ್ಲವೆಂದೇ ನನ್ನ ಅಭಿಪ್ರಾಯ. 2008ರಲ್ಲಿ ಅಮೇರಿಕಾದ ಕ್ಯಾಲಿಫೋರ್ನಿಯಾದ ಕೆಲವು ವಿದ್ವಾಂಸರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದೇ ದ್ರಾಕ್ಷಾಮದ್ಯವನ್ನು ಕೆಲವರಿಗೆ ಎರಡು ಸಲ ಕುಡಿಸಿ, ಒಮ್ಮೆ ಇದರ ಬೆಲೆ ಕಡಿಮೆಯೆಂದೂ ಒಮ್ಮೆ ಬಹಳ ಹೆಚ್ಚೆಂದೂ ಹೇಳಿ, ಅದೇ ಹೊತ್ತಿನಲ್ಲಿ ಅವರ ಮಿದುಳನ್ನು ಯಂತ್ರದಿಂದ ಪರೀಕ್ಷಿಸಿದರು. ಬೆಲೆ ಹೆಚ್ಚೆಂದು ಕೇಳಿ ಕುಡಿದಾಗ ಜನರು ರುಚಿ ಹೆಚ್ಚೆಂದುದು ಮಾತ್ರವಲ್ಲದೆ, ಮಿದುಳಿನಲ್ಲಿ ಸುಖವನ್ನು ಅಳೆಯುವ ಭಾಗವೂ ಹೆಚ್ಚು ಎಚ್ಚೆತ್ತಿದ್ದಿತು. (ಮದ್ಯದ ಉದಾಹರಣೆಯನ್ನು ಕೊಟ್ಟುದಕ್ಕೆ ಪಾಠಶಾಲೆಯ ಗುರುಗಳ ಆತ್ಮವು ನನ್ನನ್ನು ಮನ್ನಿಸಲಿ.) ಆದುದರಿಂದ ಬೆಲೆಯು ನಾಲಿಗೆಗೂ ಕಿವಿಗೂ ಒಂದು ಉಪ್ಪಿನಂತೆ ಸೇರಿಕೊಳ್ಳುವುದು. ಆ ಮೂರು ದಿನ ನಾನು ಕಪ್ಪೆಚಿಪ್ಪಿನಲ್ಲಿ ಬೆಳ್ಳಿಯನ್ನು ಕಂಡೆನು. ನೈಯಾಯಿಕರು ಅದನ್ನು ಅನ್ಯಥಾಖ್ಯಾತಿಯೆಂದು ಕರೆಯುವರು, ಭ್ರಮೆಯೆನ್ನುವರು, ಪಾಪವೆನ್ನುವುದಿಲ್ಲ. ಆದರೆ ಚಿಪ್ಪನ್ನು ಚಿಪ್ಪೆಂದು ಅರಿತುಕೊಂಡವನು ನೆರೆಯವನಿಗೆ ಅದನ್ನು ಬೆಳ್ಳಿಯೆಂದು ತೋರಿಸಿದರೆ ಭ್ರಮೆಯೆಂಬ ಆಶ್ರಯವು ಅವನಿಗೆ ಉಳಿಯುವುದಿಲ್ಲ. ನನ್ನ ವಿಷಯದಲ್ಲಿ ಗಡಿಯು ನಾಲ್ಕನೆಯ ರಾತ್ರಿ. ಅದಕ್ಕೆ ಮುಂಚೆ ಮಿತ್ರರು ಕೇಳಿದ್ದರೆ ನಾನು ಭ್ರಾಂತನಾಗಿ ಉತ್ತರ ಕೊಡುತ್ತಿದ್ದೆನು. ಆಮೇಲೆ ಕೇಳಿದುದರಿಂದ ವಂಚಕನಾಗಿ ಕೊಟ್ಟೆನು. ಎರಡು ಉತ್ತರಗಳ ಶಬ್ದಗಳು ಒಂದೇ ಇರುತ್ತಿದ್ದವೆಂಬುದು ವಿಚಿತ್ರ.

ಇನ್ನು ಆಪ್ತವಾಕ್ಯದ ಮಾತು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂಬ ನಾಲ್ಕು ಪ್ರಮಾಣಗಳಲ್ಲಿ ಶಬ್ದವೆಂದರೆ ಆಪ್ತನ ಮಾತು. ಆಪ್ತನು ಯಾರೆಂಬುದಕ್ಕೆ ಭಾಷ್ಯಕಾರನಾದ ವಾತ್ಸ್ಯಾಯನನು ಕೊಟ್ಟಿರುವ ಲಕ್ಷಣವು ಬಹು ಸೊಗಸಾದುದು: ವಿಷಯವನ್ನು ತಾನೇ ಕಂಡಿರಬೇಕು, ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯೂ ಇರಬೇಕು. ಋಷಿಯಾಗಲಿ ಆರ್ಯನಾಗಲಿ ಮ್ಲೇಚ್ಛನಾಗಲಿ, ಈ ಲಕ್ಷಣವು ಎಲ್ಲರಿಗೂ ಸಮಾನವೆಂದು ಅವನೇ ಸೇರಿಸುವನು. ಮಾರುವವನು ಆಪ್ತನಲ್ಲವೆಂಬುದು ನಮ್ಮ ಸಂತೆಯ ಹೆಂಗಸರಿಗೂ ಗೊತ್ತು. ಮೆಣಸಿನಕಾಯಿ ಮಾರುವವನ ಮಾತನ್ನು ನಂಬದೆ ಒಂದನ್ನು ಮುರಿದು ಮೂಸಿ ನೋಡುವರು. ಆದರೆ ಕೊಂಡವನು? ಅವನು ವಸ್ತುವನ್ನು ಕಂಡವನು, ಬಳಸಿದವನು, ಲಾಭವಿಲ್ಲದವನು. ಅವನ ಮಾತೇ ಪರಮಪ್ರಮಾಣವೆಂದು ಲೋಕವು ನಂಬುವುದು. ನಾನೂ ಎರಡು ತಿಂಗಳು ಅಂತಹ ಮಾತುಗಳನ್ನೇ ಓದಿ ನಂಬಿದ್ದೆನು. ಈಗ ಅನುಭವದಿಂದ ಹೇಳುವೆನು: ಹೆಚ್ಚು ಬೆಲೆಗೆ ಕೊಂಡವನು ಮಾರುವವನಿಗಿಂತಲೂ ಕಡಿಮೆ ಆಪ್ತನು. ಮಾರುವವನಿಗೆ ವಸ್ತು ಹೋದರೆ ಸಾಕು. ಕೊಂಡವನಿಗೆ ತಾನು ಮೂರ್ಖನಲ್ಲವೆಂಬುದು ಸಿದ್ಧವಾಗಬೇಕಾಗಿದೆ; ಅದಕ್ಕೆ ಇನ್ನೊಬ್ಬನು ತನ್ನಂತೆಯೇ ಕೊಳ್ಳುವುದಕ್ಕಿಂತ ಬಲವಾದ ಸಾಕ್ಷ್ಯ ಬೇರೆ ಯಾವುದು? ಗಣಿತದ ಮಾಸ್ತರು ತರಿಸಿದರೆಂಬ ಸುದ್ದಿ ಬಂದ ದಿನ ನನಗೆ ಆದ ಸಂತೋಷವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಗೆಳೆಯನು ಹಳ್ಳಕ್ಕೆ ಬಿದ್ದನೆಂಬ ಸಂತೋಷ! ಹಳ್ಳದಲ್ಲಿ ಜೊತೆ ಸಿಕ್ಕಿತೆಂಬ ಸಂತೋಷ!

ಆ ಯಂತ್ರವು ನಿಜವಾಗಿಯೂ ಕೆಟ್ಟುದೇ ಎಂದು ಕೆಲವರು ಕೇಳಬಹುದು. ಕೆಟ್ಟುದಲ್ಲ. ದೋಷವು ಎಲ್ಲಿದ್ದಿತೆಂಬುದನ್ನು ನಮ್ಮ ಭಾಗದ ರೈತರಿಗೆ ತಿಳಿಯುವಂತೆ ಹೇಳುವೆನು. ತುಂಗಭದ್ರೆಯ ಎಡದಂಡೆಯ ಕಾಲುವೆಯು ಸಿಂಧನೂರಿನ ನೆಲವನ್ನು ಭತ್ತದ ಕಣಜವಾಗಿಸಿದೆಯಷ್ಟೆ. ಕಾಲುವೆಯ ಕೊನೆಭಾಗದ ರೈತನು ನೀರಿಲ್ಲವೆಂದು ಗೋಳಾಡುವುದನ್ನು ಎಲ್ಲರೂ ಕೇಳಿದ್ದೇವೆ. ಅಂತಹ ರೈತನು ಸಾಲಮಾಡಿ ತನ್ನ ಹೊಲಗಾಲುವೆಗೆ ಅಮೃತಶಿಲೆಯನ್ನು ಹಾಸಿಸಿದರೆ ಏನಾಗುವುದು? ಮೇಲಿನಿಂದ ಎಷ್ಟು ನೀರು ಬರುವುದೋ ಅಷ್ಟೇ ಬರುವುದು. ಅದರೊಡನೆ ಬರುವ ಕೆಸರು ಬಿಳಿಯ ಕಲ್ಲಿನ ಮೇಲೆ ಚೆನ್ನಾಗಿ ಕಾಣುವುದು. ಹೆಡ್‌ಫೋನೆಂಬುದು ಕೊನೆಯ ಹೊಲಗಾಲುವೆ. ನನ್ನ ಹಾಡುಗಳ ಮೂಲವೋ, ಮಧ್ಯಮತರಂಗದ ರೇಡಿಯೋ. ಅಂತಹ ನಿಲಯಗಳಿಗೆ ಒಂದರಿಂದೊಂದಕ್ಕೆ 9 ಕಿಲೋಹರ್ಟ್ಸಿನ ಅಂತರವನ್ನು ಮಾತ್ರ ಕೊಟ್ಟಿರುವುದರಿಂದ, ಸೆಕೆಂಡಿಗೆ ಸುಮಾರು 4,500ಕ್ಕೆ ಮೇಲ್ಪಟ್ಟ ಕಂಪನಗಳು ಅಲ್ಲಿಯೇ ಸೊರಗಿಹೋಗುವುವು. ಅದನ್ನು ನಾನು ಅಗ್ಗದ ಕ್ಯಾಸೆಟ್ಟಿಗೆ ತುಂಬಿದೆನು. ಕ್ಯಾಸೆಟ್ಟು ತನ್ನ ಸುಯ್ಲನ್ನು ಕೂಡಿಸಿತು. ಹೆಡ್‌ಫೋನಿನ ಪೆಟ್ಟಿಗೆಯ ಮೇಲಾದರೋ 40,000 ಕಂಪನಗಳವರೆಗೆ ನುಡಿಯುವುದೆಂದು ಹೊಂಬಣ್ಣದ ಅಕ್ಷರಗಳಲ್ಲಿ ಬರೆದಿದ್ದಿತು. ಎಳೆಯ ಮನುಷ್ಯನ ಕಿವಿಗೂ 20,000ವೇ ಮೇರೆ. ಉಳಿದ 20,000ವನ್ನು ನಮ್ಮ ಬೇವಿನ ಮರದ ಬಾವಲಿಗಳಿಗೆ ಕೊಡಬೇಕು.

ಬೆಲೆಯಾದರೂ ಗುಣವನ್ನು ಸೂಚಿಸುವುದೇ ಎಂದರೆ, ಅದೂ ಸಂಶಯವೇ. 2017ರಲ್ಲಿ ಯೆರೋನ್ ಬ್ರೇಬಾರ್ಟ್ ಎಂಬ ವಿಜ್ಞಾನಿಯು 283 ಹೆಡ್‌ಫೋನುಗಳನ್ನು ಅಳೆದು, ಅವು ಮಂದ್ರದಿಂದ ತಾರದವರೆಗೆ ನಾದವನ್ನು ನುಡಿಸುವ ರೀತಿಗೂ ಅವುಗಳ ಬೆಲೆಗೂ ಸಂಬಂಧವೇ ಕಾಣಲಿಲ್ಲವೆಂದು ಪ್ರಕಟಿಸಿದನು. ಬಾಳಿಕೆ, ಮೆತ್ತನೆಯ ಕಿವಿದಿಂಬು, ಹೊರಗಿನ ಗದ್ದಲವನ್ನು ತಡೆಯುವ ಶಕ್ತಿ ಮುಂತಾದ ಬೇರೆ ಗುಣಗಳಿಗೆ ಬೆಲೆ ತೆರುವುದು ನ್ಯಾಯವೇ ಇರಬಹುದು. ಅದನ್ನು ನಾನು ಅಲ್ಲಗಳೆಯೆನು. ನಾನು ಬೆಲೆ ತೆತ್ತದ್ದು ಅವುಗಳಿಗಲ್ಲವೆಂಬುದಷ್ಟೇ ನನ್ನ ಮಾತು.

ಮೂರನೆಯ ದೋಷವನ್ನು ಹೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಮಗಳ ಒತ್ತಾಯಕ್ಕೆ ರಾಯಚೂರಿಗೆ ಹೋಗಿ ಕಿವಿಯ ಪರೀಕ್ಷೆಯನ್ನು ಮಾಡಿಸಿಕೊಂಡೆನು. ಗಾಜಿನ ಕೋಣೆಯಲ್ಲಿ ಕೂರಿಸಿ, ಒಂದೊಂದೇ ಸ್ವರವನ್ನು ಕೇಳಿಸಿ, ಕೇಳಿದಾಗ ಗುಂಡಿಯನ್ನು ಒತ್ತೆಂದರು. ಕಾಗದದ ಮೇಲೆ ಬಂದ ಗೆರೆಯು 3,000 ಕಂಪನಗಳವರೆಗೆ ಬಯಲಿನಲ್ಲಿ ನಡೆದು ಅಲ್ಲಿಂದಾಚೆ ಬೆಟ್ಟವಿಳಿದಂತೆ ಇಳಿದಿದ್ದಿತು. ವಯಸ್ಸಾದವರಲ್ಲಿ ಮೇಲಿನ ಸ್ವರಗಳು ಮೊದಲು ಹೋಗುವುವೆಂದೂ, ಸಕಾರಾದಿ ಊಷ್ಮಾಕ್ಷರಗಳ ಶಕ್ತಿಯು ಬಹುಮಟ್ಟಿಗೆ ಆ ಎತ್ತರದಲ್ಲಿಯೇ ಇರುವುದೆಂದೂ, ಆದುದರಿಂದ ಸದ್ದು ಕೇಳಿದರೂ ನುಡಿ ಬಿಡಿಸದಂತಾಗುವುದೆಂದೂ ಅಲ್ಲಿಯ ವೈದ್ಯೆಯು ತಿಳಿಸಿದಳು. ಮೂವತ್ತೈದು ವರ್ಷ ಶಕಾರ ಷಕಾರ ಸಕಾರಗಳ ಭೇದಕ್ಕಾಗಿ ಮಕ್ಕಳ ಕಿವಿ ಹಿಂಡಿದವನು ನಾನು! ನನ್ನ ಕೈಯಿಂದ ಕಿವಿ ಹಿಂಡಿಸಿಕೊಂಡ ಯಾರಾದರೂ ಇದನ್ನು ಓದುತ್ತಿದ್ದರೆ ಅವರು ತೃಪ್ತಿಪಡಲಿ. ಕಿವಿಯ ಮಿಷನ್ನಿಗೆ ಹೋಗಬೇಕಾಗಿದ್ದ ಹಣವನ್ನು, ಮುದುಕನೆನ್ನಿಸಿಕೊಳ್ಳುವ ನಾಚಿಕೆಗೆ ಅಂಜಿ, ನಾನು ಹುಡುಗರ ಯಂತ್ರಕ್ಕೆ ತೆತ್ತಿದ್ದೆನು. ಹಾಡು ಮಸುಕಾದುದು ಯಂತ್ರದಿಂದಲ್ಲ, ಪೂರ್ತಿಯಾಗಿ ಕ್ಯಾಸೆಟ್ಟಿನಿಂದಲೂ ಅಲ್ಲ.

ಇಲ್ಲೊಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬೇಕೆನಿಸುತ್ತದೆ. ಕನ್ನಡದಲ್ಲಿ ನಿರಾಶೆಯೆಂದರೆ ದುಃಖ. ಸಂಸ್ಕೃತದಲ್ಲಿ ಅದು ಸುಖದ ಹೆಸರಾಗಿಯೂ ಬರುವುದು. ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ವಿದೇಹನಗರದ ಪಿಂಗಳೆಯೆಂಬ ವೇಶ್ಯೆಯನ್ನೂ ಎಣಿಸುವನು. ಹಣವಂತನೊಬ್ಬನು ಬಂದಾನೆಂದು ಅವಳು ಬಾಗಿಲಲ್ಲಿ ನಿಂತು, ಒಳಕ್ಕೂ ಹೊರಕ್ಕೂ ಅಲೆದು, ನಡುರಾತ್ರಿಯಾದ ಮೇಲೆ ಆಸೆಯನ್ನು ಬಿಟ್ಟು ಸುಖವಾಗಿ ನಿದ್ರೆಹೋದಳು. ಪಾಠಶಾಲೆಯಲ್ಲಿ ಈ ಕಥೆಯನ್ನು ಓದಿದಾಗ ಇದರಲ್ಲೇನಿದೆಯೆಂದು ನನಗೆ ತೋರಿತ್ತು. ಈಗ ನೋಡಿದರೆ ಅವಳಿಗೆ ಒಂದು ಅನುಕೂಲವಿದ್ದಿತು: ಆ ರಾತ್ರಿ ಯಾರೂ ಬರಲಿಲ್ಲ. ನನಗೆ ಆಸೆಪಟ್ಟ ವಸ್ತುವು ಬಂದೇಬಿಟ್ಟಿತು. ಬಾರದವನ ಆಸೆಯನ್ನು ಬಿಡಬಹುದು. ಬಂದು, ತಲೆಯ ಮೇಲೆ ಕುಳಿತು, ಎರಡು ಕಿವಿಗಳನ್ನೂ ಮುಚ್ಚಿರುವುದರ ಆಸೆಯನ್ನು ಬಿಡುವುದು ಕಷ್ಟ. ದುಡ್ಡು ಕೊಟ್ಟುದು ಮುಗಿದಿದ್ದರೂ ಆಸೆಯು ಮಾತ್ರ ಮುಗಿಯದೆ, 'ನಾಳೆ ಚೆನ್ನಾಗಿ ಕೇಳೀತು' ಎಂದು ಕಾಯುತ್ತಲೇ ಇರುವುದು.

ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ ಮಸ್ಕಿ. ಕಳೆದ ಮಾಘಮಾಸದಲ್ಲಿ ಅಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಗೆ ನಾವಿಬ್ಬರೂ ಹೋಗಿದ್ದೆವು. ಊಟವಾದ ಮೇಲೆ ನಡೆದುಕೊಂಡು ಅಶೋಕನ ಶಾಸನದ ಬಂಡೆಯ ಕಡೆಗೆ ಹೋದೆವು. ವಾಚಕರಿಗೆ ತಿಳಿದೇ ಇರುವಂತೆ, 1915ರಲ್ಲಿ ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಬೀಡನ್ ಎಂಬ ಗಣಿಯ ಎಂಜಿನಿಯರನು ಇದನ್ನು ಕಂಡುಹಿಡಿದನು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯನೆಂಬ ಬಿರುದು ಮಾತ್ರ ಇದ್ದು, ಅಶೋಕನೆಂಬ ಹೆಸರು ಮೊದಲು ಓದಲ್ಪಟ್ಟುದು ಈ ಬಂಡೆಯ ಮೇಲೆ. ಗುಜರ್ರಾ, ನಿಟ್ಟೂರು, ಉದೇಗೊಳಗಳಲ್ಲಿ ದೊರೆತುದು ಆಮೇಲೆ. ಹಟ್ಟಿಯ ಚಿನ್ನದ ಗಣಿಯಲ್ಲಿ ಒಂದು ಟನ್ನು ಕಲ್ಲನ್ನು ಅರೆದರೆ ದೊರೆಯುವ ಚಿನ್ನವು ಕೆಲವೇ ಗ್ರಾಮು. ಬೀಡನನಿಗೆ ಈ ಕಲ್ಲಿನಲ್ಲಿ ಅದೂ ದೊರೆಯಲಿಲ್ಲ. ಅವನಿಗೆ ಆಶಾಭಂಗವಾಯಿತೋ ಇಲ್ಲವೋ!

ಈ ಶಾಸನವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಧರ್ಮದಲ್ಲಿ ತೊಡಗಿದರೆ ಅಲ್ಪನಾದವನೂ ಈ ಗತಿಯನ್ನು ಪಡೆಯಬಲ್ಲನು, ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು ಎಂಬುದು ಅದರ ತಾತ್ಪರ್ಯ. ಅಂದು ಬಂಡೆಯ ಮುಂದೆ ನಿಂತಾಗ ನೆನಪಿಗೆ ಬಂದುದು ಮಾತ್ರ ಇನ್ನೊಂದು ಸಂಗತಿ. ಇದೇ ಶಾಸನದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪ್ರತಿಯಲ್ಲಿ ಚಕ್ರವರ್ತಿಯು, ತಾನು ಉಪಾಸಕನಾಗಿ ಎರಡೂವರೆ ವರ್ಷಗಳ ಮೇಲಾಯಿತೆಂದೂ, ಆದರೆ ಅದರಲ್ಲಿ ಒಂದು ವರ್ಷ ತಾನು ಹೆಚ್ಚಿನ ಪ್ರಯತ್ನವನ್ನೇ ಮಾಡಿರಲಿಲ್ಲವೆಂದೂ ಬಾಯಿಬಿಟ್ಟು ಹೇಳಿಕೊಂಡಿರುವನು. ಹೇಳಿಕೊಂಡುದು ಅಂತಃಪುರದಲ್ಲಿ ಗುಟ್ಟಾಗಿಯಲ್ಲ; ಹಾದಿಹೋಕರು ಓದಲೆಂದು, ಎರಡು ಸಾವಿರ ವರ್ಷ ಅಳಿಯದಂತೆ, ಕಲ್ಲಿನಲ್ಲಿ ಕೆತ್ತಿಸಿ. ಭರತಖಂಡದ ಒಡೆಯನು ತನ್ನ ಕೊರತೆಯನ್ನು ಬೆಟ್ಟದ ಮೇಲೆ ಬರೆಯಿಸಬಲ್ಲವನಾದನು. 26,000 ರೂಪಾಯಿಯ ಕೊರತೆಯನ್ನು ಪಕ್ಕದಲ್ಲಿ ನಿಂತ ಗೆಳೆಯನ ಕಿವಿಯಲ್ಲಿ ಹೇಳುವುದು ನನ್ನಿಂದ ಆರು ತಿಂಗಳಾದರೂ ಆಗಿರಲಿಲ್ಲ.

"ಮಾಸ್ತರ, ಆ ಹೆಡ್‌ಫೋನ್ ನನಗ ಸೇರಿಲ್ರಿ. ನಾಲ್ಕನೇ ದಿನಾನೇ ಸೇರಿಲ್ಲ. ನಿಮಗ ಸುಳ್ಳ ಹೇಳಿದೆ" ಎಂದೆನು.

ಅವರು ಬಹಳ ಹೊತ್ತು ಬಂಡೆಯನ್ನೇ ನೋಡುತ್ತಿದ್ದರು. ಸಿಟ್ಟಾದರೇನೋ ಎಂದುಕೊಂಡೆನು. ಆಮೇಲೆ, "ನನಗೂ ಸೇರಿಲ್ರಿ ಪಂಡಿತರ. ನೀವು ಅಷ್ಟು ಹೊಗಳಿದ ಮ್ಯಾಲ, ತಪ್ಪು ನನ್ನ ಕಿವೀದ ಅಂತ ಸುಮ್ಮನಿದ್ದೆ" ಎಂದರು. ಸ್ವಲ್ಪ ತಡೆದು, "ನೀವು ಕೇಳಿದಾಗ ಛಲೋ ಐತಿ ಅಂದದ್ದು, ನಿಮಗ ಬ್ಯಾಸರ ಆಗಬಾರದಂತ" ಎಂದೂ ಸೇರಿಸಿದರು. ಅವರ ಸುಳ್ಳು ನನಗಾಗಿ. ನನ್ನ ಸುಳ್ಳು ನನಗಾಗಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದೆಂಬುದು ನಿಜ. ಆದರೂ ಮೇಲಿನ ವಾದವನ್ನು ಪೂರ್ತಿಗೊಳಿಸಬೇಕಾದರೆ ಒಪ್ಪಲೇಬೇಕು: ಅವರ ದಾಕ್ಷಿಣ್ಯದ ಮಾತೂ ನನ್ನ ಭ್ರಮೆಗೆ ಎಣ್ಣೆಯೆರೆಯಿತು. 'ಗಣಿತದವರಿಗೆ ಚೆನ್ನಾಗಿ ಕೇಳುವುದಂತೆ' ಎಂದುಕೊಂಡೇ ನಾನು ಕಿವಿಯ ಪರೀಕ್ಷೆಯನ್ನು ಅಷ್ಟು ದಿನ ಮುಂದೂಡಿದ್ದೆನು. ಪ್ರೀತಿಯಿಂದ ಹೇಳಿದ ಸುಳ್ಳು ನಿರಪಾಯವೆಂದು ಹೇಳುವವರಿಗೆ ನಾನು ಇದನ್ನೊಂದನ್ನು ತೋರಿಸಬಲ್ಲೆನು.

ಹಲ್ಲಿನ ಹಣದ ಅರ್ಧವನ್ನು ನಾನು ಕೊಡುವೆನೆಂದಾಗ ಅವರು ನಿಷ್ಠುರವಾಗಿ ಬೇಡವೆಂದರು. ಕೊಳ್ಳುವ ಬುದ್ಧಿ ತಮ್ಮದಾಗಿರುವಾಗ ನಷ್ಟವೂ ತಮ್ಮದೇ ಎಂಬುದು ಅವರ ಲೆಕ್ಕ. ಲೆಕ್ಕವು ಸರಿಯೇ? ನನಗೆ ಇನ್ನೂ ಸಂದೇಹವಿದೆ. ಆಪ್ತನೆಂದು ನಂಬಿಸಿ ತಪ್ಪು ದಾರಿ ತೋರಿದವನ ಪಾಲಿಗೆ ಏನೂ ಬಾರದೆ ಹೋಗುವುದು ನ್ಯಾಯವೆನಿಸುವುದಿಲ್ಲ. ಕಡೆಗೆ ಎರಡು ಹೆಡ್‌ಫೋನುಗಳನ್ನೂ ಮಾರುವ ಹೊಣೆಯನ್ನು ನಾನು ಹೊತ್ತೆನು. ಸಿಂಧನೂರಿನ ಬಸ್‌ನಿಲ್ದಾಣದ ಬಳಿ ಮೊಬೈಲು ರಿಪೇರಿ ಮಾಡುವ ಒಬ್ಬ ಹುಡುಗನಿರುವನು. ಓದು ಏಳನೆಯ ತರಗತಿಯವರೆಗೆ. ಅವನ ಮುಂದೆ ಎರಡನ್ನೂ ಇಟ್ಟು, ನನ್ನ ಕಿವಿಯ ಸಂಗತಿಯನ್ನೂ ಕ್ಯಾಸೆಟ್ಟಿನ ಸಂಗತಿಯನ್ನೂ ಮರೆಮಾಚದೆ ಹೇಳಿದೆನು. ಅವನು ತನ್ನ ಮೊಬೈಲಿನಿಂದ ಹೊಸದೊಂದು ಹಾಡನ್ನು ಹಾಕಿಕೊಂಡು ಎರಡು ನಿಮಿಷ ಕೇಳಿ, "ಸರ, ಮಾಲ್ ಛಲೋ ಐತ್ರಿ. ಆದ್ರ ಇಷ್ಟು ರೊಕ್ಕದ್ದಲ್ಲ. ಎರಡೂ ಕೂಡಿ ಹದಿನೆಂಟು ಸಾವಿರ ಬರಬಹುದು, ಇಪ್ಪತ್ತು ಅಂತ ನಾ ಹೇಳೋದಿಲ್ಲ" ಎಂದನು. ವಾತ್ಸ್ಯಾಯನನ ಲಕ್ಷಣವು ಅಕ್ಷರಕ್ಕೆ ಅಕ್ಷರ ಹೊಂದುವ ಆಪ್ತನನ್ನು ನಾನು ಜನ್ಮದಲ್ಲಿ ಕಂಡುದು ಅದೇ ಮೊದಲು. ಹದಿನೆಂಟಕ್ಕೇ ಹೋದವು. ಅದರಲ್ಲಿ ಹನ್ನೆರಡನ್ನು ಮಾಸ್ತರರಿಗೆ ಕಳುಹಿಸಿ, ಅವರದು ಹೆಚ್ಚು ಹೊಸದಾದ್ದರಿಂದ ಹೆಚ್ಚು ಬಂದಿತೆಂದು ಬರೆದೆನು. ಅದೂ ಸುಳ್ಳೇ. ಇದನ್ನು ಓದಿದಾಗ ಅವರಿಗೆ ತಿಳಿಯುವುದು. ಹಣವನ್ನು ಹಿಂದಕ್ಕೆ ಕಳುಹಿಸದಿರಲೆಂದು ಇಲ್ಲಿಯೇ ಬೇಡಿಕೊಳ್ಳುತ್ತೇನೆ.

ಮನೆಯವಳ ಮುಂದೆಯೂ ನಿಜವಾದ ಬೆಲೆಯನ್ನು ಹೇಳಿದೆನು. ಬ್ಯಾಂಕಿನ ಸಂದೇಶವನ್ನು ಮೊದಲ ದಿನವೇ ಮೊಬೈಲಿನಲ್ಲಿ ಓದಿದ್ದಳಂತೆ. "ನೀವಾಗೇ ಹೇಳ್ತೀರಿ ಅಂತ ಕಾದೆ" ಎಂದಳು. ಅದಕ್ಕಿಂತ ಹೆಚ್ಚು ಏನನ್ನೂ ಹೇಳದೆ ಒಳಗೆ ಹೋದಳು. ಆ ಮಾತನ್ನು ಕುರಿತು ಬರೆಯಲು ನನಗೆ ಶಕ್ತಿಯಿಲ್ಲ.

ಕಿವಿಯ ಮಿಷನ್ನು ಈಗ ಬಂದಿದೆ. ಹಾಡಿನ ನುಡಿಗಳು ಕೆಲವು ಬಿಡಿಸುತ್ತವೆ, ಕೆಲವು ಬಿಡಿಸುವುದಿಲ್ಲ. ತಟ್ಟೆಗಳ ಸದ್ದು ಮಾತ್ರ ಬೇಕಾದುದಕ್ಕಿಂತ ಹೆಚ್ಚು ಕೇಳುತ್ತದೆ. ಗಣಿತದ ಮಾಸ್ತರಿಗೂ ಯುಗಾದಿಯ ಹೊತ್ತಿಗೆ ಹಲ್ಲುಸೆಟ್ಟು ಬಂದಿತು. ಹೋಗಿದ್ದಾಗ, ಹೇಗಿದೆಯೆಂದು ಕೇಳಿದೆನು. "ಭಾಳ ಛಲೋ ಐತ್ರಿ" ಎಂದರು. ನಾನು ಸುಮ್ಮನೆ ಅವರ ಮುಖವನ್ನೇ ನೋಡಿದೆನು. ಅವರು ನಕ್ಕು, ಸೆಟ್ಟನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡು, "ಎಡಗಡೆ ಒತ್ತತೈತ್ರಿ" ಎಂದರು.